1952ರಲ್ಲಿ ಶಾಸಕ ಸ್ಥಾನಕ್ಕೆ ನಿಂತ ಶಾಂತವೇರಿ ಗೋಪಾಲಗೌಡರ ಆರ್ಥಿಕ, ಸಾಮಾಜಿಕ ನಿಲುವುಗಳೇನು?

ಒಂದೇ ಮಾತಲ್ಲಿ ಹೇಳುವುದಾದರೆ, ಉಳುವವನಿಗೇ ಭೂಮಿ. ಸಮಾಜವಾದಿ ಪಕ್ಷದಿಂದ ಸಾಗರ-ಹೊಸನಗರ ಕ್ಷೇತ್ರಕ್ಕೆ ನಿಂತಿದ್ದ ಗೌಡರ ಉಳಿದ ನಿಲುವುಗಳೆಲ್ಲ ಇದಕ್ಕೇ ಅಂಟಿಕೊಂಡಿದ್ದವು.

ಹಿಂದಿನ ವರ್ಷವಷ್ಟೇ, 1951ರಲ್ಲಿ, ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹ ಮಾಡಿದ್ದರು. ಭೂಮಾಲೀಕರು ಗೇಣಿ ಭತ್ತವನ್ನು ಮಾಮೂಲಿಗಿಂತ ದೊಡ್ಡ ಕೊಳಗದಲ್ಲಿ (ಧಾನ್ಯ ಅಳೆಯುವ ಪಾತ್ರೆ) ಅಳೆದುಕೊಳ್ಳುತ್ತಿದ್ದರು. ಪ್ರಶ್ನಿಸಿದವರಿಗೆ ಉಳುಮೆಗೆ ಭೂಮಿಯೇ ಇಲ್ಲ. ಹೋರಾಟದಲ್ಲಿದ್ದವರು ಹೆಚ್ಚಾಗಿ ದೀವರು ಎಂಬ ಹಿಂದುಳಿದ ಸಮುದಾಯದವರು. ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಕೂಡ ಅಲ್ಲಿಗೆ ಬಂದು ಬಂಧನಕ್ಕೊಳಗಾದರು. ಗೌಡರು ಈ ಹೋರಾಟದಲ್ಲಿ ಬೆರೆತವರು. ಹಾಗಾಗಿ ಅವರ ಭೂಮಿಯ ಮಾತು ಚುನಾವಣೆಗಾಗಿ ಸುಮ್ನೆ ಹೇಳಿದ್ದಲ್ಲ.

ಸಾಮಾಜಿಕವಾಗಿ ಜಾತಿಯ ಮೇಲು-ಕೀಳಿಗೆ ಅವರದು ನೇರ ವಿರೋಧ. ಭೂಮಿ ಸಿಗದೆ ಜಾತಿಯ ಹಿಡಿತ ಸಡಿಲವಾಗದು ಅಲ್ವಾ? ನನ್ನ ಮಟ್ಟಿಗೆ ಅವರ ಗಟ್ಟಿತನ ಇರುವುದು ಇಲ್ಲೇ: ಎರಡನ್ನೂ ಬೇರೆ ಬೇರೆಯಾಗಿ ನೋಡಲಿಲ್ಲ. ಕನ್ನಡದಲ್ಲೇ ಆಡಳಿತ, ಕನ್ನಡ ನಾಡಿನ ಏಕೀಕರಣ ಕೂಡ ಅವರ ಕಾಳಜಿಗಳಾಗಿದ್ದವು.

ಹಣಬಲವಿಲ್ಲದೆ ಗೆದ್ದರು. 1957ರಲ್ಲಿ ಸೋತು, 1962 ಮತ್ತು 1967ರಲ್ಲಿ ತೀರ್ಥಹಳ್ಳಿಯಿಂದ ಮತ್ತೆ ಗೆದ್ದರು. 1972ರಲ್ಲಿ ತೀರಿಕೊಂಡರು. ಗೇಣಿ ಪದ್ಧತಿಯನ್ನು ಕಿತ್ತುಹಾಕಿದ ಭೂಸುಧಾರಣಾ ತಿದ್ದುಪಡಿ ದೇವರಾಜ ಅರಸು ಕಾಲದಲ್ಲಿ, 1974ರಲ್ಲಿ, ಜಾರಿಗೆ ಬಂತು.