ವೆಂಟಿಲೇಟರ್ ತೆಗೆಸಿದರೆ ಅಪ್ಪನನ್ನು ನಾವೇ ಕೊಂದ ಹಾಗಾ?

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಹತ್ತಿರದ ಹಳ್ಳಿ. ಅಪ್ಪನಿಗೆ 78 ವರ್ಷ. ಸ್ಟ್ರೋಕ್ ಆಗಿ ಮೂರು ವಾರದಿಂದ ಶಿವಮೊಗ್ಗದ ಆಸ್ಪತ್ರೆಯಲ್ಲಿ ವೆಂಟಿಲೇಟರ್ ಮೇಲಿದ್ದಾರೆ. ಪ್ರಜ್ಞೆ ಇಲ್ಲ. ಇನ್ನು ಸುಧಾರಿಸಲ್ಲ ಅಂತ ಡಾಕ್ಟರ್ ಹೇಳಿಬಿಟ್ಟಿದ್ದಾರೆ. ಹೋದ ವರ್ಷ ಅಡಿಕೆ ಕೊನೆಕೊಯ್ಲಿನ ಹೊತ್ತಲ್ಲಿ ಪಕ್ಕದ ಮನೆಯವರು ಹೀಗೇ ಮಲಗಿದ್ದಾಗ, ‘ನನ್ನನ್ನ ಹಿಂಗೆ ಪೈಪ್ ಹಾಕಿ ಮಲಗಿಸ್ಬೇಡ್ರೋ’ ಅಂದಿದ್ದರು. ತಮ್ಮ ತೆಗೆಸೋಣ ಅಂತಾನೆ. ಅತ್ತೆ ಮಾತ್ರ, ‘ಮಕ್ಕಳೇ ಪ್ರಾಣ ತೆಗೆದ ಪಾಪ ಏಳು ಜನ್ಮಕ್ಕೂ ಬಿಡಲ್ಲ’ ಅಂತಾರೆ. ಏನು ಮಾಡಲಿ?

ಉತ್ತರ (ಪ್ಯಾಲಿಯೇಟಿವ್ ಕೇರ್, ಅಂದರೆ ಗುಣವಾಗದ ಕಾಯಿಲೆಯವರ ನೋವು, ಸಂಕಟ ಇಳಿಸುವ ಆರೈಕೆಯ ವೈದ್ಯರಿಂದ): ಅತ್ತೆಯ ಮಾತನ್ನು ತಳ್ಳಿಹಾಕಬೇಡಿ. ಒಡಹುಟ್ಟಿದವರ ಸಂಕಟ ಅದು. ಆದರೆ ಅವರು ಎರಡು ಬೇರೆ ವಿಷಯಗಳನ್ನು ಒಂದೇ ಅಂದುಕೊಂಡಿದ್ದಾರೆ. ಇಂಜೆಕ್ಷನ್ ಕೊಟ್ಟು ಸಾಯಿಸುವುದು ನಮ್ಮ ದೇಶದಲ್ಲಿ ಅಪರಾಧ. ಸಾವನ್ನು ಮುಂದೂಡುವುದಷ್ಟೇ ಮಾಡುತ್ತಿರುವ ಯಂತ್ರವನ್ನು ನಿಲ್ಲಿಸುವುದು ಹಾಗಲ್ಲ. ಅಲ್ಲಿ ಪ್ರಾಣ ಹೋಗುವುದು ಕಾಯಿಲೆಯಿಂದ, ಮಕ್ಕಳ ಕೈಯಿಂದಲ್ಲ.

ಧರ್ಮಗಳೂ ಈ ಪ್ರಶ್ನೆಯನ್ನು ಎದುರಿಸಿವೆ. ಪೋಪ್ 12ನೇ ಪಯಸ್ 1957ರಲ್ಲೇ, ಅಸಾಮಾನ್ಯ ಉಪಾಯಗಳಿಂದ ಜೀವ ಹಿಡಿದಿಡುವುದು ಕಡ್ಡಾಯವಲ್ಲ ಎಂದಿದ್ದರು. ನಮ್ಮ ಪಕ್ಕದ ಹುಂಚದ ಜೈನರಿಗೆ ಸಲ್ಲೇಖನ, ಅಂದರೆ ಕೊನೆಗಾಲದಲ್ಲಿ ಅನ್ನನೀರು ಬಿಡುತ್ತಾ ದೇಹ ತ್ಯಜಿಸುವುದು, ಪೂಜ್ಯ ವ್ರತ. 2015ರಲ್ಲಿ ರಾಜಸ್ಥಾನ ಹೈಕೋರ್ಟ್ ಅದನ್ನು ಆತ್ಮಹತ್ಯೆಗೆ ಸಮ ಎಂದಾಗ, ಅದೇ ತಿಂಗಳು ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ಕೊಟ್ಟಿತು. ಅದು ಎಚ್ಚರವಿರುವವರು ತಾವೇ ಹಿಡಿಯುವ ವ್ರತ, ನಿಮ್ಮ ಅಪ್ಪನ ಸ್ಥಿತಿ ಅದಲ್ಲ. ಆದರೂ ಕಳಿಸಿಕೊಡುವುದು ಕೂಡ ಧರ್ಮವೇ ಅನ್ನುವ ತಿಳಿವಳಿಕೆ ಈ ಸೀಮೆಗೆ ಹೊಸದಲ್ಲ. ಹಿರಿಯರಿಗೆ ಕೊನೆಗಾಲ ಬಂದರೆ ‘ಬಾಯಿಗೆ ನೀರು ಬಿಡ್ರೋ’ ಅಂತಾರೆ ಅಲ್ವಾ?

ಅಪ್ಪ ತಾವೇ ಬಾಯಿಬಿಟ್ಟು ಹೇಳಿದ್ದಾರೆ. ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಮಾತು ಅದು. ಅತ್ತೆಯ ಮುಂದೆ ಅದನ್ನೇ ಇಡಿ. ಖರ್ಚಿನ ಮಾತನ್ನು ಆಗಲೇ ತೆಗೆಯಬೇಡಿ. ಐಸಿಯು ಬಿಲ್ಲಿಗೆ ತೋಟ ಅಡ ಇಟ್ಟವರನ್ನು ನೋಡಿದ್ದೇನೆ, ದುಡ್ಡಿನ ಚಿಂತೆ ತಪ್ಪಲ್ಲ. ಆದರೆ ಎರಡನ್ನೂ ಬೆರೆಸಿದರೆ ಜಗಳ ಅಲ್ಲೇ ಶುರುವಾಗುತ್ತದೆ.

ಒಂದು ಕೆಲಸ ಮಾತ್ರ ದಯವಿಟ್ಟು ಮಾಡಬೇಡಿ. ಬೇಸತ್ತು, ‘ನಮ್ಮ ಜವಾಬ್ದಾರಿ’ ಅಂತ ಸಹಿ ಹಾಕಿ ಆಂಬುಲೆನ್ಸಲ್ಲಿ ಮನೆಗೆ ಕರೆದೊಯ್ಯುವವರು ತುಂಬಾ ಜನ. ಕೈಯಲ್ಲಿ ಚೀಲ ಒತ್ತಿ ಉಸಿರು ಕೊಡುತ್ತಾ ಹೊರಡುತ್ತಾರೆ. ದಾರಿಯಲ್ಲಿ ಮಂಡಗದ್ದೆ ದಾಟುವ ಮೊದಲೇ ಪ್ರಾಣ ಹೋದದ್ದಿದೆ, ಏದುಸಿರಿಗೆ ಒಂದು ಔಷಧಿಯೂ ಇಲ್ಲದೆ.

ಸರಿಯಾಗಿ ಮಾಡಿದರೆ ಹಾಗಾಗುವುದಿಲ್ಲ. ಮೊದಲು ಮಾರ್ಫಿನ್‌ನಂಥ ಔಷಧಿ ಕೊಡುತ್ತಾರೆ. ಉಸಿರಿನ ಸಂಕಟ ತಡೆಯಲಿಕ್ಕೆ ಅದು, ಸಾಯಿಸಲಿಕ್ಕಲ್ಲ. ಗಂಟಲಿನ ಕಫ ತೆಗೆಯುತ್ತಾರೆ, ಅಲಾರಂ ನಿಲ್ಲಿಸುತ್ತಾರೆ, ಆಮೇಲೆ ಪೈಪ್. ನೀವು ಕೈ ಹಿಡಿದು ಪಕ್ಕದಲ್ಲೇ ಕೂರಬಹುದೇ ಅಂತ ಮೊದಲೇ ಕೇಳಿಕೊಳ್ಳಿ. ತುಳಸಿ ನೀರಲ್ಲಿ ಹತ್ತಿ ಅದ್ದಿ ತುಟಿಗೆ ಸವರಿ, ಬಾಯಿಗೆ ಹೊಯ್ಯಬೇಡಿ, ನೆತ್ತಿಗೇರುತ್ತದೆ. ಕೆಲವರು ನಿಮಿಷಗಳಲ್ಲಿ ಹೋಗುತ್ತಾರೆ, ಕೆಲವರು ದಿನಗಟ್ಟಲೆ ಉಸಿರಾಡುತ್ತಾರೆ. ಅಷ್ಟೂ ಹೊತ್ತು ಆರೈಕೆ ನಿಲ್ಲಬಾರದು. ಇದನ್ನು ಅತ್ತೆಗೆ ಬಿಡಿಸಿ ಹೇಳಿ. ಅವರ ಭಯ ಅರ್ಧ ಇಳಿಯಬಹುದು.

ಕಾನೂನು ನಿಮ್ಮ ಜೊತೆಗಿದೆ. ಗೌರವದಿಂದ ಸಾಯುವುದೂ ಹಕ್ಕು ಅಂತ ಸುಪ್ರೀಂ ಕೋರ್ಟ್ 2018ರಲ್ಲಿ ಒಪ್ಪಿತು, 2023ರಲ್ಲಿ ನಿಯಮ ಸರಳ ಮಾಡಿತು. ಅಪ್ಪ ಬರೆದಿಡದಿದ್ದರೂ ಹತ್ತಿರದ ಬಂಧುಗಳ ಒಪ್ಪಿಗೆಯಿಂದ ಮುಂದುವರಿಯಬಹುದು. ಚಿಕಿತ್ಸೆ ಕೊಡುತ್ತಿರುವ ಡಾಕ್ಟರ್ ಮತ್ತು ಇಬ್ಬರು ತಜ್ಞರ ಮಂಡಳಿ ಒಮ್ಮೆ ನೋಡುತ್ತದೆ, ಇನ್ನೊಂದು ಮಂಡಳಿ ಮತ್ತೆ ನೋಡುತ್ತದೆ. ಎರಡೂ 48 ಗಂಟೆಯೊಳಗೆ ಅಭಿಪ್ರಾಯ ಕೊಡಲು ಪ್ರಯತ್ನಿಸಬೇಕು. ಬಳಿಕ ಆಸ್ಪತ್ರೆ ಮ್ಯಾಜಿಸ್ಟ್ರೇಟರಿಗೆ ತಿಳಿಸುತ್ತದೆ. ನೀವು ಕೋರ್ಟಿಗೆ ಅಲೆಯಬೇಕಿಲ್ಲ.

ನಾಳೆ ಅತ್ತೆಯನ್ನೂ ತಮ್ಮನನ್ನೂ ಕರೆದುಕೊಂಡೇ ಡಾಕ್ಟರ ಹತ್ತಿರ ಹೋಗಿ. ‘ಇಂಥದ್ದೆಲ್ಲ ನಮ್ಮಲ್ಲಿ ಇಲ್ಲ’ ಅಂದರೆ, ರಾಜ್ಯ ಸರ್ಕಾರ ಇದರ ಬಗ್ಗೆಯೇ 2025ರ ಜನವರಿ 30ರಂದು ಹೊರಡಿಸಿದ ಸುತ್ತೋಲೆ ತೋರಿಸಿ. ಎರಡನೇ ಮಂಡಳಿಗೆ ವೈದ್ಯರನ್ನು ಹೆಸರಿಸುವುದು ಜಿಲ್ಲಾ ಆರೋಗ್ಯಾಧಿಕಾರಿಯ ಕೆಲಸ, ಅವರ ಕಚೇರಿಯಲ್ಲೂ ವಿಚಾರಿಸಿ.