ಆಫೀಸಿನ ಫ್ಯಾಂಟಸಿ ಬೇಸ್‌ಬಾಲ್ ಲೀಗ್: ಹೊಸಬರು ಎಲ್ಲಿಂದ ಶುರು ಮಾಡಬೇಕು?

ಪ್ರಶ್ನೆ: ನಾನು ನ್ಯೂಜೆರ್ಸಿಯಲ್ಲಿದ್ದೇನೆ. ನಮ್ಮ ಆಫೀಸಿನಲ್ಲಿ 12 ಜನರ ಫ್ಯಾಂಟಸಿ ಬೇಸ್‌ಬಾಲ್ ಲೀಗ್ ಇದೆ, ಈ ಸಲ ನನ್ನನ್ನೂ ಸೇರಿಸಿಕೊಂಡಿದ್ದಾರೆ. ರೋಟೋ, ಫೈವ್ ಬೈ ಫೈವ್, ಸ್ನೇಕ್ ಡ್ರಾಫ್ಟ್ ಅಂತೆಲ್ಲ ಹೇಳುತ್ತಿದ್ದಾರೆ. ನನಗೆ ಹೋಮ್ ರನ್ ಬಿಟ್ಟರೆ ಬೇರೇನೂ ಗೊತ್ತಿಲ್ಲ. ಊರಲ್ಲಿದ್ದಾಗ ಫ್ಯಾಂಟಸಿ ಕ್ರಿಕೆಟ್ ಆಡುತ್ತಿದ್ದೆ. ಆ ಅನುಭವ ಇಲ್ಲಿ ಸಾಕಾಗುತ್ತದಾ? ಡ್ರಾಫ್ಟ್‌ಗೆ ಎರಡು ವಾರ ಇದೆ.

ಉತ್ತರ: ಸ್ವಲ್ಪ ಮಟ್ಟಿಗೆ ಸಾಕು. ಆದರೆ ಕ್ರಿಕೆಟ್‌ನಲ್ಲಿ ನೀವು ತಂಡ ಕಟ್ಟುತ್ತಿದ್ದುದು ಒಂದು ಮ್ಯಾಚಿಗೆ. ಒಬ್ಬನೇ ಆಟಗಾರ ಎಲ್ಲರ ತಂಡದಲ್ಲೂ ಇರಬಹುದಿತ್ತು. ಇಲ್ಲಿ ಹಾಗಲ್ಲ. ಡ್ರಾಫ್ಟ್‌ನಲ್ಲಿ ಎಲ್ಲರೂ ಸರದಿಯಂತೆ ಒಬ್ಬೊಬ್ಬ ಆಟಗಾರನನ್ನು ಆರಿಸಿಕೊಳ್ಳುತ್ತಾರೆ. ಹೆಸರಾಂತ ಬ್ಯಾಟರ್ ಆರನ್ ಜಡ್ಜ್ ಅವರನ್ನು ನಿಮ್ಮ ಸಹೋದ್ಯೋಗಿ ತೆಗೆದುಕೊಂಡರೆ ಮುಗಿಯಿತು, ಅವರು ನಿಮಗೆ ಸಿಗುವುದಿಲ್ಲ. ಆಟವೂ ಮಾರ್ಚ್ ಕೊನೆಯಿಂದ ಸೆಪ್ಟೆಂಬರ್ ಕೊನೆಯವರೆಗೆ ನಡೆಯುತ್ತದೆ. ಅಮೆರಿಕದ ಮೇಜರ್ ಲೀಗ್‌ನಲ್ಲಿ 30 ತಂಡ, ಒಂದೊಂದಕ್ಕೂ 162 ಪಂದ್ಯ.

ಆಟಗಾರರ ಹೆಸರು ಬಾಯಿಪಾಠ ಮಾಡುವ ಮೊದಲು ಪಾಯಿಂಟ್ ಲೆಕ್ಕ ತಿಳಿದುಕೊಳ್ಳಿ. ಹೊಸಬರು ಎಡವುವುದು ಇಲ್ಲೇ. ಫೈವ್ ಬೈ ಫೈವ್ ಅಂದರೆ ಬ್ಯಾಟಿಂಗ್‌ಗೆ ಐದು ವಿಭಾಗ, ಪಿಚಿಂಗ್‌ಗೆ (ಕ್ರಿಕೆಟ್‌ನ ಬೌಲಿಂಗ್ ಇದ್ದ ಹಾಗೆ) ಐದು. ಬ್ಯಾಟಿಂಗ್‌ನಲ್ಲಿ ಸರಾಸರಿ, ರನ್, ಹೋಮ್ ರನ್, ಆರ್‌ಬಿಐ (ತನ್ನ ಹೊಡೆತದಿಂದ ತಂಡಕ್ಕೆ ಬಂದ ರನ್), ಸ್ಟೋಲನ್ ಬೇಸ್ (ಹೊಡೆತದ ನೆರವಿಲ್ಲದೆ ಓಡಿ ಮುಂದಿನ ಬೇಸ್ ಸೇರುವುದು, ಅಂದರೆ ಬೇಸ್ ಕದಿಯುವುದು). ಪಿಚಿಂಗ್‌ನಲ್ಲಿ ಗೆಲುವು, ಸೇವ್, ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್‌ಗೆ ಬ್ಯಾಟರ್ ಔಟ್), ಇಆರ್‌ಎ, ವಿಪ್. ರೋಟೋದಲ್ಲಿ ಒಂದೊಂದು ವಿಭಾಗಕ್ಕೂ ಬೇರೆ ಬೇರೆ ರ‍್ಯಾಂಕ್. ಹೋಮ್ ರನ್‌ನಲ್ಲಿ ಮೊದಲಿದ್ದವರಿಗೆ 12 ಪಾಯಿಂಟ್, ಕೊನೆಯಲ್ಲಿದ್ದವರಿಗೆ 1. ಹತ್ತೂ ವಿಭಾಗ ಕೂಡಿಸಿದರೆ ನಿಮ್ಮ ಸ್ಥಾನ. ಹಾಗಾಗಿ ಬರೀ ಸಿಡಿಲಮರಿಗಳನ್ನೇ ತುಂಬಿಕೊಂಡರೆ ಹೋಮ್ ರನ್‌ನಲ್ಲಿ 12 ಬಂದರೂ ಸ್ಟೋಲನ್ ಬೇಸ್‌ನಲ್ಲಿ 1ಕ್ಕೆ ಇಳಿಯುತ್ತೀರಿ.

ಇಆರ್‌ಎ, ವಿಪ್ ನೋಡಿ ಹೆದರಬೇಡಿ. ಒಬ್ಬ ಪಿಚರ್ 6 ಇನಿಂಗ್ಸ್ ಎಸೆದು 2 ರನ್ ಬಿಟ್ಟ ಅಂದುಕೊಳ್ಳಿ. 9 ಇನಿಂಗ್ಸ್‌ಗೆ ಹಿಡಿದರೆ 3 ರನ್, ಅಂದರೆ ಇಆರ್‌ಎ 3.00. ಫೀಲ್ಡರ್ ತಪ್ಪಿನಿಂದ ಬಂದ ರನ್ ಇದರಲ್ಲಿ ಸೇರುವುದಿಲ್ಲ. ವಿಪ್ ಅಂದರೆ ಒಂದು ಇನಿಂಗ್ಸ್‌ಗೆ ಸರಾಸರಿ ಎಷ್ಟು ಹಿಟ್ ಮತ್ತು ವಾಕ್ (ನಾಲ್ಕು ತಪ್ಪು ಎಸೆತಕ್ಕೆ ಬ್ಯಾಟರ್‌ಗೆ ಪುಕ್ಕಟೆ ಸಿಗುವ ಬೇಸ್) ಕೊಟ್ಟ ಅನ್ನುವ ಲೆಕ್ಕ. ಅದೇ 6 ಇನಿಂಗ್ಸ್‌ನಲ್ಲಿ 5 ಹಿಟ್, 1 ವಾಕ್ ಕೊಟ್ಟಿದ್ದರೆ ವಿಪ್ 1.00. ಎರಡೂ ಕಡಿಮೆ ಇದ್ದಷ್ಟು ಒಳ್ಳೆಯದು. ಬೌಲರ್‌ನ ಎಕಾನಮಿ ನೋಡಿ ಅಭ್ಯಾಸ ಇರುವವರಿಗೆ ಇದು ಕಷ್ಟವಲ್ಲ.

ಈಗ ಡ್ರಾಫ್ಟ್. ಸ್ನೇಕ್ ಅಂದರೆ ಮೊದಲ ಸುತ್ತು 1ರಿಂದ 12, ಎರಡನೆಯದು 12ರಿಂದ ವಾಪಸ್ 1ಕ್ಕೆ. ನಿಮಗೆ 3ನೇ ಸರದಿ ಬಂತು ಅಂದರೆ ನಿಮ್ಮ ಆಯ್ಕೆಗಳು 3, 22, 27. ಮೊದಲ ಎರಡರ ನಡುವೆ 18 ಆಟಗಾರರು ಖಾಲಿಯಾಗಿರುತ್ತಾರೆ. ಆದ್ದರಿಂದ ಒಬ್ಬನ ಮೇಲೇ ಕಣ್ಣಿಟ್ಟು ಕೂರಬೇಡಿ, ಪ್ರತಿ ಸರದಿಗೂ ನಾಲ್ಕೈದು ಹೆಸರು ಇಟ್ಟುಕೊಳ್ಳಿ.

ಮೊದಲ ಎರಡು ಮೂರು ಸುತ್ತು ಬ್ಯಾಟರ್‌ಗಳಿಗೇ ಕೊಡಿ ಅನ್ನುವುದು ನನ್ನ ಸಲಹೆ. ಅವರು ಹೆಚ್ಚುಕಮ್ಮಿ ದಿನಾ ಆಡುತ್ತಾರೆ. ಪಂದ್ಯ ಶುರು ಮಾಡುವ ಸ್ಟಾರ್ಟಿಂಗ್ ಪಿಚರ್ ಬರುವುದು ಐದಾರು ದಿನಕ್ಕೊಮ್ಮೆ. ಮೊಣಕೈಗೆ ಟಾಮಿ ಜಾನ್ ಸರ್ಜರಿ ಆಯಿತು ಅಂದರೆ ಒಂದು ವರ್ಷಕ್ಕಿಂತ ಜಾಸ್ತಿ ಹೊರಗೆ. ಬ್ಯಾಟರ್‌ಗಳಲ್ಲೂ ಹೊಡೆತ, ಓಟ ಎರಡೂ ಇರುವವರನ್ನು ಹುಡುಕಿ. 2024ರಲ್ಲಿ ಶೋಹೆ ಒಟಾನಿ 54 ಹೋಮ್ ರನ್ ಜೊತೆ 59 ಬೇಸ್ ಕದ್ದರು. ಒಬ್ಬನೇ ಎರಡು ವಿಭಾಗ ಎತ್ತಿ ಹಿಡಿಯುವುದೆಂದರೆ ಹೀಗೆ. ಅವರು ಪಿಚರ್ ಕೂಡ ಹೌದಲ್ವಾ, ಅದಕ್ಕೆ ಕೆಲವು ಆಪ್‌ಗಳು ಅವರನ್ನು ಇಬ್ಬರು ಆಟಗಾರರಾಗಿ ಎಣಿಸುತ್ತವೆ, ಕೆಲವು ಒಬ್ಬರಾಗಿ. ನಿಮ್ಮ ಲೀಗ್‌ನಲ್ಲಿ ಹೇಗೆ ಅಂತ ಮೊದಲೇ ಕೇಳಿಕೊಳ್ಳಿ.

ಸೇವ್ ಸಿಗುವುದು ಕೊನೆಯ ಇನಿಂಗ್ಸ್‌ನಲ್ಲಿ ಗೆಲುವು ಕಾಯುವ ಕ್ಲೋಸರ್‌ಗೆ. ಒಂದು ತಂಡಕ್ಕೆ ಸಾಮಾನ್ಯವಾಗಿ ಒಬ್ಬನೇ, ಆ ಕೆಲಸವೂ ನಡುವೆ ಕೈ ಬದಲಾಗುತ್ತಿರುತ್ತದೆ. ಮಧ್ಯದ ಸುತ್ತುಗಳಲ್ಲಿ ಇಬ್ಬರನ್ನು ಹಿಡಿದುಕೊಂಡರೆ ಸಾಕು.

ಡ್ರಾಫ್ಟ್ ಚೆನ್ನಾಗಿ ಮಾಡಿ ಆಮೇಲೆ ಮರೆತುಬಿಡುವವರು ಪ್ರತಿ ಲೀಗ್‌ನಲ್ಲೂ ಇರುತ್ತಾರೆ. ನೀವು ಆ ಸಾಲಿಗೆ ಸೇರಬೇಡಿ. ದಿನಾ ಪಂದ್ಯ ಶುರುವಾಗುವ ಮೊದಲು ಹತ್ತು ನಿಮಿಷ ಆಪ್ ತೆರೆದು ನೋಡಿ. ಯಾರಿಗೆ ಇವತ್ತು ರಜೆ, ಯಾರು ಬೆಂಚ್‌ನಲ್ಲಿ, ಯಾರಿಗೆ ಗಾಯ? ಗಾಯಗೊಂಡವರನ್ನು ಐಎಲ್ (ಗಾಯಾಳುಗಳ ಪಟ್ಟಿ) ಜಾಗಕ್ಕೆ ಸರಿಸಿ, ಖಾಲಿಯಾದ ಕಡೆ ಯಾರ ತಂಡದಲ್ಲೂ ಇಲ್ಲದ ಒಳ್ಳೆಯ ಆಟಗಾರನನ್ನು ತುಂಬಿ. ಬೇಸ್‌ಬಾಲ್ ಅಷ್ಟಾಗಿ ಗೊತ್ತಿಲ್ಲದವರೂ ಈ ಒಂದು ಅಭ್ಯಾಸದಿಂದಲೇ ಮೇಲೆ ಬರಬಹುದು.

ಈ ಎರಡು ವಾರದಲ್ಲಿ ಯಾಹೂ ಅಥವಾ ಇಎಸ್‌ಪಿಎನ್‌ನಲ್ಲಿ ಎರಡು ಮೂರು ಮಾಕ್ ಡ್ರಾಫ್ಟ್ (ಅಭ್ಯಾಸದ ಡ್ರಾಫ್ಟ್) ಮಾಡಿ ನೋಡಿ, ದುಡ್ಡೇನೂ ಕೊಡಬೇಕಿಲ್ಲ. ಏಪ್ರಿಲ್‌ನಲ್ಲಿ ನಿಮ್ಮ ದೊಡ್ಡ ಬ್ಯಾಟರ್ ಎರಡು ವಾರ ಮಂಕಾಗಿದ್ದರೆ ಸಹೋದ್ಯೋಗಿಗಳು ಟ್ರೇಡ್ (ಆಟಗಾರರ ಅದಲುಬದಲು) ಕೇಳಿಕೊಂಡು ಬಂದೇ ಬರುತ್ತಾರೆ. ಹೊಸಬರ ಹತ್ತಿರ ಅಗ್ಗಕ್ಕೆ ಸಿಗುತ್ತದೆ ಅನ್ನುವ ಲೆಕ್ಕ ಅವರದು. ಎರಡು ವಾರ ಅಂದರೆ ಹನ್ನೆರಡು ಹದಿಮೂರು ಪಂದ್ಯ ಅಷ್ಟೇ, ಇನ್ನೂ ನೂರೈವತ್ತು ಬಾಕಿ ಇರುತ್ತವೆ. ಮೇ ಕೊನೆಯವರೆಗಾದರೂ ಅವನನ್ನು ಬಿಟ್ಟುಕೊಡಬೇಡಿ.