ಬಹುಮಾನ ಆಮೇಲೆ, ಮೊದಲು ಉತ್ತರ

ಚಿಂತಾಮಣಿ ಕಡೆಯ ರೈತರು, ವೆಲ್ಡಿಂಗ್ ಶಾಪಿನವರು, ಪಾಲಿಟೆಕ್ನಿಕ್ ಹುಡುಗರು ಸೇರಿ ಕೃಷಿ ಸಲಕರಣೆ ಸುಧಾರಿಸಲು ಮುಕ್ತ ಗುಂಪು ಕಟ್ಟಿದ್ದೀರಿ. ಎರಡು ತಿಂಗಳಾದ ಮೇಲೆ ಯಾರೂ ಬಾಯಿ ಬಿಡುತ್ತಿಲ್ಲ, ತಿಂಗಳಿಗೆ 5,000 ರೂಪಾಯಿ ಬಹುಮಾನ ಇಟ್ಟರೆ ಸರಿಹೋಗುತ್ತದಾ ಎಂದು ಕೇಳಿದ್ದೀರಿ. ಈಗಲೇ ಇಡಬೇಡಿ.

ಜನ ಮೊದಲು ಬರುವುದು ತಮ್ಮ ತೊಂದರೆ ಹೊತ್ತುಕೊಂಡು. ಅದು ಬಗೆಹರಿದ ಮೇಲೂ ಉಳಿಯಬೇಕಾದರೆ, ತಾವು ಹೇಳಿದ್ದನ್ನು ಇನ್ನೊಬ್ಬರು ಮಾಡಿ ನೋಡಿ 'ನಡೀತು' ಎಂದೋ 'ನಡೀಲಿಲ್ಲ' ಎಂದೋ ಬಂದು ಹೇಳಬೇಕು. ಗುಂಪು ಸಾಯುವುದು ಹೆಚ್ಚಾಗಿ ಈ ಮರುಮಾತು ಇಲ್ಲದೆ. 2005ರಲ್ಲಿ ಪ್ರಕಟವಾದ ಲಖಾನಿ ಮತ್ತು ವುಲ್ಫ್ ಅವರ ಅಧ್ಯಯನ 287 ಮುಕ್ತ ತಂತ್ರಾಂಶ (ಯಾರು ಬೇಕಾದರೂ ತಿದ್ದಿ ಹಂಚಬಹುದಾದ ಸಾಫ್ಟ್‌ವೇರ್) ಯೋಜನೆಗಳ 684 ಮಂದಿಯನ್ನು ಮಾತಾಡಿಸಿತ್ತು. ಅವರಲ್ಲಿ ಸುಮಾರು ಶೇ. 40 ಮಂದಿಗೆ ಆ ಕೆಲಸದಿಂದ ಹಣ ಬರುತ್ತಿತ್ತು. ಹಾಗಿದ್ದೂ ಎಲ್ಲಕ್ಕಿಂತ ಬಲವಾಗಿ ಕಂಡ ಕಾರಣ, ಏನನ್ನೋ ಹೊಸದಾಗಿ ಮಾಡುತ್ತಿದ್ದೇನೆ ಎನ್ನುವ ಖುಷಿ. ಸ್ವಂತ ಅಗತ್ಯ, ಬುದ್ಧಿಗೆ ಸಿಗುವ ಕಸರತ್ತು ಇವೂ ಮುಖ್ಯವಾಗಿದ್ದವು.

ಬಹುಮಾನ ಇಟ್ಟರೆ ಒಬ್ಬರು ಗೆಲ್ಲುತ್ತಾರೆ, ಉಳಿದವರು ಸೋತೆವು ಅಂದುಕೊಳ್ಳುತ್ತಾರೆ. ಅದಕ್ಕಿಂತ ಕೆಟ್ಟದ್ದು, ಅರ್ಧ ಬೆಂದ ಉಪಾಯವನ್ನು ಯಾರೂ ಹೊರಗೆ ಬಿಡುವುದಿಲ್ಲ. ಗುಂಪಿಗೆ ಬೇಕಾದ್ದೇ ಅಂಥವು. ಮನೋವಿಜ್ಞಾನಿ ಎಡ್ವರ್ಡ್ ಡೆಸಿ 1971ರಲ್ಲಿ ಒಗಟು ಬಿಡಿಸುವ ವಿದ್ಯಾರ್ಥಿಗಳಿಗೆ ದುಡ್ಡು ಕೊಟ್ಟು ನೋಡಿದರು. ದುಡ್ಡು ನಿಂತ ಮೇಲೆ ಬಿಡುವಿನಲ್ಲಿ ಒಗಟು ಹಿಡಿಯುವುದು ಕಡಿಮೆಯಾಯಿತು.

ಪ್ರಶ್ನೆ ಕೇಳುವ ರೀತಿಯಿಂದ ಶುರು ಮಾಡಿ. 'ಡ್ರಿಪ್ ಸುಧಾರಿಸುವುದು ಹೇಗೆ?' ಅಂದರೆ ಯಾರೂ ಉತ್ತರಿಸಲಾರರು. 'ಬೋರ್ ನೀರಿನ ಸುಣ್ಣ ಕಟ್ಟಿದೆ. ಗಂಟೆಗೆ 4 ಲೀಟರ್ ಡ್ರಿಪ್ಪರ್ ಕೆಳಗೆ ಬಾಟಲಿ ಇಟ್ಟರೆ 15 ನಿಮಿಷಕ್ಕೆ 1 ಲೀಟರ್ ತುಂಬಬೇಕು, 600 ಎಂಎಲ್ ಮಾತ್ರ ಬರುತ್ತಿದೆ. ಪೈಪು 16 ಎಂಎಂ, ಫಿಲ್ಟರ್ ತೊಳೆದಾಗಿದೆ' ಅನ್ನಿ. ಹೀಗೆ ಅಳತೆ ಇದ್ದರೆ ಗ್ಯಾರೇಜಿನವರಿಗೂ ಕೈ ಹಾಕಬೇಕೆನಿಸುತ್ತದೆ, ಮಾಡಿದ ಮೇಲೆ ಎಷ್ಟು ಸುಧಾರಿಸಿತು ಎಂದು ಕಣ್ಣಿಗೆ ಕಾಣುತ್ತದೆ.

ಹೊಸಬರ ಮೊದಲ ಮಾತಿಗೆ ಒಂದು ದಿನದೊಳಗೆ ಉತ್ತರ ಹೋಗಲಿ, ಆ ಹೊಣೆ ಇಬ್ಬರ ಹೆಸರಿಗಿರಲಿ. ಪ್ರತಿ ತಿದ್ದುಪಡಿಗೂ ಒಂದು ಪುಟ: ಚಿತ್ರ, ಬಿಡಿಭಾಗ, ಖರ್ಚು, ಮಾಡಿದವರ ಹೆಸರು, ಊರು. ಮುಂದೆ ಬೇರೆಯವರು ಬದಲಾಯಿಸಿದರೂ ಮೊದಲ ಹೆಸರು ಅಳಿಸಬಾರದು. ಹೆಸರು ಬಿಟ್ಟುಹೋದರೆ ಮನುಷ್ಯ ಎರಡನೇ ಸಲ ಬರುವುದಿಲ್ಲ. ಕೆಟ್ಟುಹೋದ ಪ್ರಯೋಗವನ್ನೂ ಬರೆದಿಡಿ.

ಯಾರಾದರೂ ತಯಾರಿಸಿ ಮಾರಲು ಹೊರಟಾಗ ಮಾತ್ರ ದುಡ್ಡಿನ ಮಾತು ಎತ್ತಲೇಬೇಕು. ತುಮಕೂರಿನ ಹಿರೇಹಳ್ಳಿ ತೋಟಗಾರಿಕೆ ಪ್ರಯೋಗ ಕೇಂದ್ರ ಇದಕ್ಕೆ ಒಳ್ಳೆಯ ದಾರಿ ತೋರಿಸಿದೆ. ಜಿಲ್ಲೆಯ ರೈತರೊಬ್ಬರ ಮರದಿಂದ ಬಂದ ತಾಮ್ರಗೆಂಪು ತೊಳೆಯ 'ಸಿದ್ದು' ಹಲಸಿನ ಕಸಿ ಸಸಿ ಮಾರಾಟದಲ್ಲಿ ಶೇ. 75 ಪಾಲು ಆ ರೈತರಿಗೇ ಎಂದು ಒಪ್ಪಂದವಾಯಿತು. ನಿಮ್ಮಲ್ಲೂ ಪಾಲು ಎಷ್ಟೆಂದು ಮೊದಲೇ ಕಾಗದದ ಮೇಲೆ ಬರಲಿ.

ಆ 5,000 ರೂಪಾಯಿಯನ್ನು ಪ್ರಯೋಗಕ್ಕೆ ಬೇಕಾದ ಪೈಪು, ಕಬ್ಬಿಣ, ಬೇರಿಂಗಿಗೆ ಹಾಕಿ. ಕೈಯಿಂದ ದುಡ್ಡು ಹಾಕಲಾಗದೆ ಸುಮ್ಮನಿದ್ದವರು ಮುಂದೆ ಬರಬಹುದು.